ಗುರು ವೆಲಾನನ ಮಗ

ಮುಲುಂಡ್,
೧೪ ಜುಲೈ ೨೦೨೪

ಪ್ರೀತಿಯ ಸೇವಂತಿಗೆ,

ನೀನು ಬಾಂದ್ರಾಕ್ಕೆ ಹೋಗಿ ವಾರ ಕಳೆಯಿತು. ಇಷ್ಟು ದಿನ ಬರೆಯದೆ ಸುಮ್ಮನಿದ್ದೆನೆಂದು ಬೇಸರಿಸಬೇಡ. ದನಿ ಮಾರಿ ಅನ್ನ ತಿನ್ನುವವನಿಗೆ ಪೆನ್ನು ಹಿಡಿದು ಅಭ್ಯಾಸವಿಲ್ಲ. ಫೋನ್ ಮಾಡಿದರೆ ನಿನ್ನ ತಮ್ಮ ಚೆನ್ನಯನೇ ಎತ್ತುತ್ತಾನೆ. “ಭಾವ, ಅಕ್ಕ ಮಾತಾಡುದಿಲ್ಲ ಅಂತ ಕೂತಿದ್ದಾಳೆ. ಊಟ ಸರಿ ಮಾಡ್ತಾಳೆ, ನೀವು ಟೆನ್ಶನ್ ಮಾಡ್ಬೇಡಿ” ಎನ್ನುತ್ತಾನೆ. ನನ್ನ ದನಿಯೇ ನಿನಗೆ ಬೇಡವಾದ ಮೇಲೆ ಕಾಗದವೇ ಗತಿ. ನಾಳೆ ಇದನ್ನು ಅವನ ಹೋಟೆಲಿನ ಕೌಂಟರಿನಲ್ಲಿ ಕೊಟ್ಟು ಬರುತ್ತೇನೆ.

ಇಲ್ಲಿ ಅಡುಗೆಮನೆಯ ನಲ್ಲಿ ಇನ್ನೂ ಸೋರುತ್ತಿದೆ. ಬಾಲ್ಕನಿಯ ಬಸಳೆ ನಿನ್ನ ಕೈಯಿಲ್ಲದೆಯೂ ಹಬ್ಬುತ್ತಿದೆ, ಅದರ ಸೊಕ್ಕು ನೋಡು. ಬಿಲ್ಡಿಂಗಿನ ಮಕ್ಕಳು ಮಾತ್ರ ನನ್ನನ್ನು ಲಿಫ್ಟಿನಲ್ಲಿ ಅಡ್ಡ ಹಾಕುತ್ತಾರೆ. “ಅಂಕಲ್, ವೆಲಾನ್ ಕೀ ಅಸಲೀ ಸ್ಟೋರಿ ಕೌನ್ಸೀ?” ಎಂದು, ಯಾವ ಕತೆ ನಿಜವೆಂದು ಜಗಳಕ್ಕೇ ನಿಲ್ಲುತ್ತಾರೆ. ಆ ಬಿಳಿಗಡ್ಡದ ಕಾರ್ಟೂನ್ ಗುರುವಿಗೆ ಇಷ್ಟು ವರ್ಷ ಕನ್ನಡದ ದನಿ ಕೊಟ್ಟವನಿಗೇ ಉತ್ತರ ಗೊತ್ತಿಲ್ಲ. ಸೀರಿಯಲ್ಲಿನಲ್ಲಿ ಅವನು ಮಗನನ್ನು ಕಳೆದುಕೊಂಡವನು. ವಿಡಿಯೋ ಗೇಮಿನಲ್ಲಿ, ತನ್ನೂರಿಗೇ ಬೆಂಕಿಯಿಟ್ಟು ಓಡಿಬಂದ ಸೈನಿಕ. ಈಗಿನ ಸಿನಿಮಾದಲ್ಲಿ ಮಠದಲ್ಲಿ ಬೆಳೆದ ಅನಾಥ, ಮದುವೆಯೇ ಆಗದವನು. ಮಾಡುವವರು ಬದಲಾದ ಹಾಗೆಲ್ಲ ಮುದುಕನ ಹಿಂದಿನ ಬದುಕೂ ಬದಲಾಗುತ್ತದೆ. ಅವನ ತುಟಿ ಆಡಿದಂತೆ ಆಡುವುದಷ್ಟೇ ನನ್ನ ಕೆಲಸ ಎಂದು ಮಕ್ಕಳಿಗೆ ಹೇಳಿ ತಪ್ಪಿಸಿಕೊಂಡೆ.

ನಿನ್ನಿಂದ ಹಾಗೆ ತಪ್ಪಿಸಿಕೊಳ್ಳಲಾರೆ.

ಸೀರಿಯಲ್ಲಿನ ಆ ಒಂದು ಎಪಿಸೋಡನ್ನು ನೀನು ಮೊಬೈಲಿನಲ್ಲಿ ಮತ್ತೆ ಮತ್ತೆ ಹಾಕಿಕೊಳ್ಳುವುದು ನನಗೆ ಗೊತ್ತು. ತೆಂಗಿನಕಾಯಿ ತುರಿಯುತ್ತಾ ಕೇಳುತ್ತೀ. “ನನಗೂ ಒಬ್ಬ ಮಗನಿದ್ದ. ಬಾಗಿಲು ಸದ್ದಾದಾಗಲೆಲ್ಲ ಅವನೇ ಬಂದನೆಂದುಕೊಳ್ಳುತ್ತೇನೆ” ಎಂದು ಗುರು ಹೇಳುತ್ತಾನೆ, ಆಮೇಲೆ ಜೋರಾಗಿ ಗಾಳಿ ಬೀಸುತ್ತದೆ. ಗಾಳಿ ನಿಂತ ಮೇಲೆಯೇ ನಿನ್ನ ಕೈ ಮತ್ತೆ ಕೆಲಸಕ್ಕೆ ಹೋಗುವುದು. ನಾನು ಹಾಲ್‌ನಲ್ಲಿ ಪೇಪರ್ ಹಿಡಿದು ಏನೂ ಕೇಳಿಸದವನಂತೆ ಕೂತಿರುತ್ತಿದ್ದೆ.

ಆ ದಿನ ಥಿಯೇಟರಿನಲ್ಲಿ ಅದೇ ಗುರು ನನ್ನದೇ ದನಿಯಲ್ಲಿ “ನನಗೆ ಮಕ್ಕಳೆಂದು ಯಾರೂ ಇರಲಿಲ್ಲ” ಎಂದಾಗ ನೀನು ಎದ್ದು ನಡೆದೆ. ಹೊರಗೆ ರಿಕ್ಷಾ ಹತ್ತುವಾಗ ಹೇಳಿದ್ದು ಕಿವಿಯಲ್ಲೇ ಇದೆ. “ಆ ಕಾರ್ಟೂನಿನ ಅಜ್ಜನಾದ್ರೂ ಮಗ ಇದ್ದ ಅಂತ ಹೇಳ್ತಿದ್ದ. ಈಗ ಅವನ ಬಾಯಿ ಸಹ ಮುಚ್ಚಿಸಿದ್ರಾ? ಮನೆಯಲ್ಲಂತೂ ನೀವು ಬಾಯಿ ಬಿಟ್ಟವರೇ ಅಲ್ಲ.” ಸುಳ್ಳಲ್ಲ. ನಮ್ಮ ಮಗ ಜ್ವರದಲ್ಲಿ ಹೋದಂದಿನಿಂದ ಈ ಮನೆಯಲ್ಲಿ ನಾನು ಅವನ ಹೆಸರೆತ್ತಿಲ್ಲ. ಎತ್ತಿದರೆ ನೀನು ಕುಸಿದುಬಿಡುತ್ತೀ ಎಂದುಕೊಂಡಿದ್ದೆ. ಕುಸಿಯುತ್ತಿದ್ದವನು ನಾನು.

ಸಿನಿಮಾದ ಆ ಮಾತನ್ನು ನಾನು ಸುಲಭವಾಗಿ ಆಡಲಿಲ್ಲ, ಸೇವಂತಿ. ರೀಟೇಕಿನ ಮೇಲೆ ರೀಟೇಕು ಆಯಿತು. ಕನ್ನಡದಲ್ಲಿ ಮಾತು ಬರೆಯುವ ಕಲಬುರಗಿಯ ಅಣವೀರಪ್ಪ ರೆಕಾರ್ಡಿಂಗ್ ಕೋಣೆಯೊಳಗೇ ಬಂದ. “ನಾ ಏನ್ ಮಾಡ್ಲಿ ಸದಾನಂದಣ್ಣ? ಅವ್ರ ಕತಿನೇ ಹಂಗ ಐತಿ” ಎಂದು ತಲೆ ತಗ್ಗಿಸಿದ. ಡಬ್ಬಿಂಗ್ ನಡೆಸುವ ಹುಡುಗಿ ನಮಿತಾಗೆ ಈ ಸಿನಿಮಾ ಬೇರೆಯವರಿಗೆ ಕೊಡು ಎಂದೆ. “ಕೊಡಬಹುದು ಅಂಕಲ್, ಬಟ್ ಆಮೇಲೆ ಮ್ಯಾಚಿಂಗಿಗೆ ಹಳೇ ಸೀರಿಯಲ್ ಸಹ ಹೊಸ ವಾಯ್ಸಲ್ಲಿ ರೀಡಬ್ ಮಾಡ್ತಾರೆ. ಒರಿಜಿನಲ್ ಹೇಗಿದೆಯೋ ಹಾಗೇ” ಎಂದಳು. ಅದನ್ನು ಕೇಳಿದ್ದೇ ಮೈಕಿನ ಮುಂದೆ ಹೋಗಿ ನಿಂತೆ. ಮಗನಿರಲಿಲ್ಲ ಎಂದುಬಿಟ್ಟೆ. ನೀನು ಕೇಳುವ ಆ ಎಪಿಸೋಡು ಉಳಿಯಬೇಕಿತ್ತು.

ಮಳೆ ಜೋರಿದೆ, ಮೊಣಕಾಲಿಗೆ ಎಣ್ಣೆ ಹಚ್ಚಿಕೋ. ಚೆನ್ನಯನಿಗೂ ಮಕ್ಕಳಿಗೂ ನನ್ನ ಆಶೀರ್ವಾದ. ದೇವರು ನಿನ್ನ ಮನಸ್ಸಿಗೆ ಸ್ವಲ್ಪ ತಂಪು ಕೊಡಲಿ.

ನಿನ್ನ
ಸದಾನಂದ

ತಾ.ಕ.: ಮೇಲೆ ಬರೆಯಲು ಧೈರ್ಯ ಬರಲಿಲ್ಲ. ಒರಿಜಿನಲ್ಲಿನಲ್ಲಿ ಗುರು ವೆಲಾನನಿಗೆ ಮಗನೇ ಇಲ್ಲ. ಆ ದೃಶ್ಯದಲ್ಲಿ ಅವನು ಅರ್ಥವಿಲ್ಲದ ಏನೋ ಮಂತ್ರ ಗೊಣಗುತ್ತಾನೆ, ತುಟಿ ಆಡುತ್ತದೆ ಅಷ್ಟೆ. ಅಣವೀರಪ್ಪ ಆ ಜಾಗ ಖಾಲಿ ಬಿಟ್ಟು, ಬಾಯಿಗೆ ಬಂದದ್ದು ತುಂಬಿಸಿ ಎಂದಿದ್ದ. ಮಗ ಹೋದ ಮೇಲೆ ನಾನು ಸ್ಟುಡಿಯೋಕ್ಕೆ ಹೋದ ಮೊದಲ ದಿನ ಅದು. ಬಾಯಿಗೆ ಬಂದದ್ದು ಅದೇ ಮಾತು. ಅದನ್ನು ಯಾರೂ ಅಳಿಸಲಿಲ್ಲ. ಮಾತು ಮುಗಿದ ಮೇಲೂ ಗುರುವಿನ ತುಟಿ ಇನ್ನಷ್ಟು ಆಡುತ್ತಿತ್ತು, ನಾನು “ಸುಹಾಸ” ಎಂದೆ. ಸರಿಯಾಗಿ ಕೂತಿತು. ಆದರೆ ಆ ಹೆಸರಿನ ಪಾತ್ರ ಕತೆಯಲ್ಲಿಲ್ಲ ಎಂದು ಅದೊಂದನ್ನು ತೆಗೆದು, ಅಲ್ಲಿ ಗಾಳಿಯ ಸದ್ದು ಹಾಕಿದರು. ಇಷ್ಟು ವರ್ಷ ನೀನು ಕೈ ನಿಲ್ಲಿಸಿ ಕೇಳಿದ್ದು ಆ ಗಾಳಿಯನ್ನು. ಮನೆಗೆ ಬಾ. ಬಾಗಿಲು ತೆಗೆದವನೇ ಆ ಹೆಸರು ಹೇಳುತ್ತೇನೆ.