ಕಾಂತಿ ಮಾಡಿದ ಮಲ್ಲಿಗೆ ಚಾ

ಬಂಟ್ವಾಳ
ತಾ. ೧೬–೩–೧೯೫೮, ಆದಿತ್ಯವಾರ

ಪ್ರೀತಿಯ ತಮ್ಮ ಶೇಖರನಿಗೆ,

ಕಟೀಲಮ್ಮನ ಪಾದ ನೆನೆದು ನಿನ್ನ ಅಕ್ಕ ಬರೆಯುವ ಕಾಗದ. ಮೈಯಲ್ಲಿ ಹುಷಾರುಂಟಲ್ಲ? ಕಳೆದ ಮಳೆಗಾಲದಲ್ಲಿ ಹಿಡಿದ ಆ ಕೆಮ್ಮು ಬಿಟ್ಟಿತಾ, ಅಲ್ಲ ಅದೂ ನಿನ್ನ ಜೊತೆ ಊರೂರು ನೋಡಿಕೊಂಡು ತಿರುಗುತ್ತಿದೆಯಾ? ಹಡಗಿನ ಅಡುಗೆಕೋಣೆಯಲ್ಲಿ ನಿಂತು ಅಷ್ಟು ಜನರಿಗೆ ಬೇಯಿಸಿ ಹಾಕುವವನು ನೀನು; ನಿನ್ನ ಹೊಟ್ಟೆಗೆ ಹೊತ್ತಿಗೆ ಸರಿಯಾಗಿ ಏನಾದರೂ ಬೀಳುತ್ತದೆಯೋ ಇಲ್ಲವೋ ಎಂದು ನನಗೆ ಚಿಂತೆ. ಸಂದು ಸಿಕ್ಕಿದಾಗ ತಲೆಗೆ ಎಣ್ಣೆ ಹಚ್ಚಿಕೋ. ಉಪ್ಪುಗಾಳಿಗೆ ಕೂದಲು ಉದುರಿದರೆ ಹೆಣ್ಣು ಕೊಡುವವರು ಹಿಂದೆಮುಂದೆ ನೋಡಿಯಾರು. ಇದನ್ನು ಈಗ ಯಾಕೆ ಹೇಳಿದೆ ಎಂಬುದು ಮುಂದೆ ಓದಿದರೆ ಗೊತ್ತಾಗುತ್ತದೆ. ಇಲ್ಲಿ ನಾವೆಲ್ಲ ಸೌಖ್ಯ. ನಿನ್ನ ಭಾವನ ಮೊಣಗಂಟು ನೋವು ಹಾಗೆಯೇ ಉಂಟು, ಆದರೆ ಕೋಳಿ ಅಂಕಕ್ಕೆ ಹೋಗುವ ದಿನ ಮಾತ್ರ ನೋವು ಇರುವುದಿಲ್ಲ. ಕೆಂಪಿ ದನ ಕರು ಹಾಕಿದೆ, ಹೆಣ್ಣು ಕರು.

ಪಾಣೆಮಂಗಳೂರಿನ ಹಸೈನಾರ್ ನಿಮ್ಮ ಹಡಗಿನಿಂದ ರಜೆಯಲ್ಲಿ ಬಂದವನು ನೀನು ಕೊಟ್ಟ ಡಬ್ಬಿಯನ್ನು ಜೋಪಾನವಾಗಿ ತಂದುಕೊಟ್ಟ. ಡಬ್ಬಿಯ ಮೇಲೆ ಉದ್ದ ಕಾಲಿನ ಹಕ್ಕಿ, ಬಿಳಿ ಹೂ, ಇರುವೆ ಓಡಾಡಿದ ಹಾಗೆ ಚೀನಾದವರ ಅಕ್ಷರ. "ಶೇಖರಣ್ಣ ಕೊಟ್ಟದ್ದು ಅಕ್ಕ, ಪಿನಾಂಗಿನಿಂದ. ಮಲ್ಲಿಗೆ ಚಾ" ಎಂದ. ಒಂದು ಗಳಿಗೆ ಕೂತು ಹೋಗು ಎಂದರೆ ಕೇಳಲಿಲ್ಲ, ಬೆಳ್ತಂಗಡಿಯ ಹೆಂಡತಿ ಮನೆಗೆ ಹೋಗುವ ಬಸ್ಸು ತಪ್ಪುತ್ತದೆಂದು ಓಡಿಯೇ ಹೋದ. ನೀನಾದರೋ ನಿನ್ನ ಕಾಗದದಲ್ಲಿ, ಅರ್ಧ ನಮಗೆ, ಅರ್ಧ ಪುತ್ತಿಗೆಗೆ ಹೆಣ್ಣು ನೋಡಲು ಹೋಗುವಾಗ ಅವರ ಮನೆಗೆ ಎಂದು ಬರೆದೆ. "ಅಕ್ಕ, ನೀನು ನೋಡಿ ಒಪ್ಪಿದರೆ ನನಗೂ ಒಪ್ಪಿಗೆ" ಎಂದು ನಿನ್ನ ಇಡೀ ಬಾಳನ್ನು ನನ್ನ ಸೆರಗಿಗೆ ಕಟ್ಟಿದೆ. ಇಷ್ಟೆಲ್ಲ ಬರೆದ ಅಡುಗೆಯವನಿಗೆ ಆ ಚಾ ಮಾಡುವುದು ಹೇಗೆ ಎಂದು ಒಂದು ಸಾಲು ಬರೆಯಲು ಏನಾಗಿತ್ತು ಮಾರಾಯ?

ಡಬ್ಬಿಯ ಮುಚ್ಚಳ ತೆಗೆದೆ ನೋಡು, ಚಾವಡಿಯಿಡೀ ಉಡುಪಿ ಮಲ್ಲಿಗೆಯ ಚೆಂಡು ಬಿಚ್ಚಿದ ಹಾಗಾಯಿತು. ನಾನು ಕೂಡಲೇ ಮೂಗು ಮುಚ್ಚಿಕೊಂಡೆ. ಮೂಸಿದ ಹೂ ದೇವರಿಗಾಗದು, ಅದು ನಿನಗೂ ಗೊತ್ತು. ಮೊದಲು ದೇವರಿಗೆ ಇಡುವ, ಆಮೇಲೆ ನಾವು ಕುಡಿಯುವ ಎಂದೆ. ನಿನ್ನ ಭಾವ ನಕ್ಕದ್ದೇ ನಕ್ಕದ್ದು. "ಮೂಸದೆ ಚಾ ಮಾಡುವವಳನ್ನು ಇವತ್ತೇ ನೋಡಿದ್ದು ಮಾರಾಯ್ತಿ" ಎಂದರು. ನಾನು ಚಾದ ಸೊಪ್ಪನ್ನು ಮುಷ್ಟಿ ತುಂಬ ಹಾಕಿ, ನಮ್ಮ ಮಾಮೂಲಿ ಚಾದ ಹಾಗೆ ಕಳಕಳ ಕುದಿಸಿ, ಬೆಲ್ಲ ಹಾಕಿ, ಕೆಂಪಿಯ ಹಾಲು ಹೊಯ್ದು, ದೇವರ ಮುಂದೆ ಒಂದು ಲೋಟ ಇಟ್ಟು, ಅವರಿಗೊಂದು ಕೊಟ್ಟೆ. ಒಂದು ಗುಟುಕು ಕುಡಿದು ನನ್ನ ಮುಖ ನೋಡಿದರು. "ನೀನು ನಿನ್ನೆ ಮುಡಿದ ಹೂವನ್ನು ಕುದಿಸಿದ್ದಾ?" ಎಂದು ಕೇಳಿದರು. ಮರುದಿನ ಹಾಲು ಬಿಟ್ಟು, ಕಾಳುಮೆಣಸು ಜಜ್ಜಿ ಹಾಕಿ, ಕಷಾಯದ ಹಾಗೆ ಬತ್ತಿಸಿ ಮಾಡಿದೆ. ಅದನ್ನೂ ಮೊದಲು ದೇವರಿಗೇ ಇಟ್ಟದ್ದು. ಅವರು ಕುಡಿದವರು ಎದ್ದುಹೋಗಿ ಬಾಯಿ ಮುಕ್ಕಳಿಸಿ ಬಂದು, "ಇದನ್ನು ತೆಗೆದಿಡು, ಜ್ವರ ಬಂದವರಿಗೆ ಹೆದರಿಸಲಿಕ್ಕಾದೀತು" ಎಂದರು. ನೀನು ಕೇಳಬಹುದು, ಅಕ್ಕ, ಒಲೆಯ ಹತ್ತಿರವೇ ಒಂದು ಚಮಚ ಬಾಯಿಗೆ ಹಾಕಿ ನೋಡಬಾರದಿತ್ತಾ ಎಂದು. ನಮ್ಮ ಅಜ್ಜಿ ಕಲಿಸಿದ್ದು ಮರೆತೆಯಾ? ಒಲೆಯ ಮುಂದೆ ನಾಲಿಗೆ ಚಾಚಬಾರದು, ದೇವರಿಗೂ ಮನೆಯವರಿಗೂ ಎಂಜಲು ಬಡಿಸಿದ ಹಾಗೆ. ಈ ಪ್ರಾಯದವರೆಗೆ ಸಾರಿನ ಉಪ್ಪನ್ನು ನಾನು ಕೈ ಅಳತೆಯಲ್ಲಿ, ಹಬೆಯ ವಾಸನೆಯಲ್ಲಿ ತಿಳಿದದ್ದೇ ಹೊರತು ನಾಲಿಗೆಯಲ್ಲಿ ಅಲ್ಲ.

ಹಾಗೆ ನಮ್ಮ ಪಾಲಿನ ಚಾಕ್ಕೆ ಗತಿ ಕಾಣಿಸಿ, ಪುತ್ತಿಗೆಯವರ ಪಾಲನ್ನು ಹಿಡಿದುಕೊಂಡು ಮೊನ್ನೆ ಗುರುವಾರ ಸಿದ್ದಕಟ್ಟೆ ದಾರಿಯ ಬಸ್ಸು ಹತ್ತಿದೆವು. ಮೂಡಬಿದ್ರೆಯಲ್ಲಿ ಇಳಿದು ಅಲ್ಲಿಂದ ಮುಂದೆ ನಡಿಗೆ. ಹುಡುಗಿಯ ಹೆಸರು ಕಾಂತಿ. ಕುಲದ ಬಳಿ ನಮ್ಮದು ಬೇರೆ, ಅವರದು ಬೇರೆ, ಸಂಬಂಧಕ್ಕೆ ಅಡ್ಡಿಯಿಲ್ಲ, ಅದನ್ನು ಮೊದಲೇ ವಿಚಾರಿಸಿದ್ದೆ. ತಂದೆ ಇಲ್ಲ. ತಾಯಿ ಮೆತ್ತಗಿನ ಹೆಂಗಸು. ಮನೆಯ ಯಜಮಾನಿಕೆ ಎಲ್ಲ ಅವಳ ಸೋದರಮಾವ ರುಕ್ಮಯ್ಯನವರದು. ಮೀಸೆ ದೊಡ್ಡದು, ಮಾತು ಅದಕ್ಕಿಂತ ದೊಡ್ಡದು. ಬೆಲ್ಲ ನೀರು ಕೊಟ್ಟು ಕೂರಿಸಿದ ಮೇಲೆ ಮೊದಲ ಮಾತಿಗೇ, ಕಾರ್ಕಳದ ಕಡೆಯಿಂದ ಇನ್ನೊಂದು ಸಂಬಂಧ ಬಂದದ್ದುಂಟು, ಜವಳಿ ಅಂಗಡಿಯವರು, ಇವತ್ತು ನಿಮ್ಮದೊಂದು ಮಾತು ತಿಳಿದರೆ ಅವರಿಗೆ ಉತ್ತರ ಕೊಡಬಹುದಿತ್ತು ಎಂದರು. ಎಂದರೆ ಹೌದು ಅಥವಾ ಅಲ್ಲ ಎಂದು ನಾನು ಅಲ್ಲಿಂದ ಏಳುವ ಮೊದಲು ಹೇಳಬೇಕು. ಹುಡುಗಿಯನ್ನು ಬಾಗಿಲ ಸಂದಿಯಲ್ಲಿ ಒಮ್ಮೆ ಕಂಡದ್ದಷ್ಟೆ. ಲಕ್ಷಣವಾಗಿದ್ದಾಳೆ, ನಿನಗಿಂತ ಒಂದು ಪಾಲು ಬಣ್ಣ ಹೆಚ್ಚು. ಆದರೆ ಬಣ್ಣ ನೋಡಿ ನಿನ್ನ ಬಾಳಿಗೆ ಹೂಂ ಎನ್ನಲು ನಾನೇನು ಸೀರೆ ಆರಿಸಲು ಹೋದವಳಾ?

ಡಬ್ಬಿಯನ್ನು ತಾಯಿಯ ಕೈಗೆ ಕೊಟ್ಟು, ಹುಡುಗ ದೂರದಿಂದ ಕಳಿಸಿದ್ದು, ಇವತ್ತು ಇದರದ್ದೇ ಚಾ ಆಗಲಿ ಎಂದೆ. ಗೊತ್ತಿದ್ದವಳ ಹಾಗೆ, ಚೆನ್ನಾಗಿ ಕುದಿಸಿ, ಹಾಲು ಬೆಲ್ಲ ಎರಡೂ ಧಾರಾಳ ಹಾಕಿ ಎಂದು ದೊಡ್ಡ ಬಾಯಲ್ಲಿ ಉಪದೇಶವನ್ನೂ ಮಾಡಿದೆ. ನಿನ್ನ ಭಾವ ಸೀಲಿಂಗಿನ ಜಂತಿ ನೋಡತೊಡಗಿದರು. ಒಳಗೆ ಚಾ ಮಾಡಲು ಕೂತದ್ದು ಕಾಂತಿ. ಹೊತ್ತಾಯಿತು, ಹೊತ್ತಾಯಿತು, ಚಾ ಬರಲಿಲ್ಲ. ಹಿತ್ತಿಲ ಬಾಗಿಲಲ್ಲಿ ಯಾರೋ ಬಾಳೆಯ ಬುಡಕ್ಕೆ ಏನೋ ಚೆಲ್ಲಿದ ಸದ್ದಾಯಿತು. ಕಡೆಗೆ ತಟ್ಟೆಯಲ್ಲಿ ಲೋಟ ಇಟ್ಟುಕೊಂಡು ಅವಳೇ ಬಂದಳು. ನೋಡಿದರೆ ಲೋಟದಲ್ಲಿ ಹಾಲಿಲ್ಲ! ಆಗಷ್ಟೇ ಕಾಯಿಸಿದ ತುಪ್ಪದ ತಿಳಿಯಂಥ ಬಣ್ಣ, ತಳದವರೆಗೆ ಕಾಣುತ್ತದೆ. ರುಕ್ಮಯ್ಯನವರ ಮೀಸೆ ಎದ್ದು ನಿಂತಿತು.

ಅವರು ತುಳುವಿನಲ್ಲಿ ಹೇಳಿದ್ದನ್ನು ಕನ್ನಡದಲ್ಲಿ ಬರೆದರೆ ಅರ್ಧ ಖಾರ ಹೋಗುತ್ತದೆ, ನೀನೇ ಸೇರಿಸಿಕೊಂಡು ಓದು. "ಇದೆಂಥದು ಮಗಳೇ? ಮನೆಯ ದನಗಳೆಲ್ಲ ಬತ್ತಿ ಹೋದವಾ? ಹಾಲಿಲ್ಲದ ಕಣ್ಣ ಚಾ ಕೊಡುವುದು ಸಾವಾದ ಮನೆಯಲ್ಲಿ, ಸಂಬಂಧಕ್ಕೆ ಬಂದವರಿಗಲ್ಲ!" ಅವಳು ತಟ್ಟೆ ಅಲುಗಿಸಲಿಲ್ಲ. "ಹಾಲು ಹಾಕಿ ನೋಡಿದೆ ಮಾವ, ಮಲ್ಲಿಗೆ ಸತ್ತೇ ಹೋಯಿತು. ಅಕ್ಕ ಹೇಳಿದ ಹಾಗೆ ಕುದಿಸಿಯೂ ನೋಡಿದೆ, ಕಿರಾತಕಡ್ಡಿಯ ಕಹಿ. ಅದನ್ನು ಬಾಳೆಗೆ ಚೆಲ್ಲಿದೆ" ಎಂದಳು. ತಾಯಿ ಹೆದರಿ, "ನೋಡಿದೆ ಅಂದರೆ? ಬಂದವರಿಗೆ ಕೊಡುವ ಮೊದಲು ನೀನು ಕುಡಿದೆಯಾ?" ಎಂದು ಕೇಳಿದರು. "ಕುಡಿಯದೆ ತಿಳಿಯುವುದು ಹೇಗೆ ಅಮ್ಮ? ಬೇರೆ ಲೋಟಕ್ಕೆ ಹೊಯ್ದು ಕುಡಿದೆ, ಪಾತ್ರೆಗೆ ಬಾಯಿ ಹಾಕಲಿಲ್ಲ" ಎಂದಳು.

ಎಲ್ಲರೂ ನನ್ನನ್ನು ನೋಡಿದರು ತಮ್ಮ. ನನ್ನ ನೇಮನಿಷ್ಠೆಯ ಸುದ್ದಿಯನ್ನು ಈ ಸಂಬಂಧ ತಂದ ದಲ್ಲಾಳಿ ತುಕ್ರಪ್ಪ ಮೊದಲೇ ಅಲ್ಲಿಗೆ ಮುಟ್ಟಿಸಿದ್ದ. ರುಕ್ಮಯ್ಯನವರ ಮುಖದಲ್ಲಿ, ಆಯಿತು, ಈ ಸಂಬಂಧ ಮುಗಿಯಿತು ಎಂಬುದು ಬರೆದ ಹಾಗೆ ಕಾಣುತ್ತಿತ್ತು. ನನಗೂ ಒಳಗೆ ಚುರುಕ್ ಎಂದಿತು, ಸುಳ್ಳು ಯಾಕೆ? ನಾನು ಸ್ವಲ್ಪ ಬಿಗಿಯಾಗಿಯೇ, "ದೇವರಿಗೆ ಇಟ್ಟ ಮೇಲಾದರೂ ಕುಡಿದದ್ದಾ ಮಗಾ?" ಎಂದು ಕೇಳಿದೆ. ಅವಳು ನನ್ನ ಮುಖವನ್ನೇ ನೋಡಿ, ಮೆಲ್ಲಗೆ, "ಇಲ್ಲ ಅಕ್ಕ. ಕಹಿಯಾದದ್ದನ್ನು ದೇವರಿಗೆ ಇಡುವುದು ಹೇಗೆ? ಸರಿಯಾದ ಮೇಲೆ ಮೊದಲ ಲೋಟ ದೀಪದ ಮುಂದೆ ಇಟ್ಟು, ಆಮೇಲೆ ನಿಮಗೆ ತಂದೆ" ಎಂದಳು.

ನಮ್ಮ ಮನೆಯ ದೇವರ ಕೋಣೆಯಲ್ಲಿ ನಾನು ಭಕ್ತಿಯಿಂದ ಇಟ್ಟ ಆ ಹಾಲಿನ ಚಾ, ಆ ಮೆಣಸಿನ ಚಾ ಎರಡೂ ಕಣ್ಣ ಮುಂದೆ ಬಂದವು. ನಿನ್ನ ಭಾವನಾದರೆ ಎದ್ದುಹೋಗಿ ಬಾಯಿ ಮುಕ್ಕಳಿಸಿದರು. ಕಟೀಲಮ್ಮ ಎಲ್ಲಿಗೆ ಎದ್ದುಹೋಗಬೇಕು? ನನಗೆ ನಗು ಬಂತು ಶೇಖರ, ಆ ಬಿಗಿದ ಮುಖಗಳ ನಡುವೆ ಸೆರಗು ಬಾಯಿಗೆ ಒತ್ತಿದರೂ ನಿಲ್ಲಲಿಲ್ಲ. ಲೋಟ ತೆಗೆದುಕೊಂಡೆ. ಮೊದಲ ಗುಟುಕಿಗೆ ಇದೇನು ಬಿಸಿನೀರು ಎನಿಸಿತು. ನುಂಗಿದ ಮೇಲೆ ಬಂತು ನೋಡು, ಹೂ ಮುಡಿದವಳು ಹಾದುಹೋದ ಮೇಲೆ ಹಿಂದಿನಿಂದ ಪರಿಮಳ ಬರುವುದಿಲ್ಲವಾ, ಹಾಗೆ. ಕೊನೆಗೆ ನಾಲಿಗೆಯ ಮೇಲೆ ಒಂದು ಸಣ್ಣ ಒಗರು, ನೆಲ್ಲಿಕಾಯಿ ತಿಂದು ನೀರು ಕುಡಿದ ಹಾಗೆ ಅದರ ಹಿಂದೆಯೇ ಸಿಹಿ. ಲೋಟ ಖಾಲಿ ಮಾಡಿ, "ಇನ್ನೊಂದು ಉಂಟಾ ಮಗಾ?" ಎಂದು ಚಾಚಿದೆ. ರುಕ್ಮಯ್ಯನವರು ಆಗ ಕುಡಿದರು, ಕುಡಿದು ಬೆಲ್ಲ ಬೇಕು ಎಂದರು. "ಒಳಗೆ ಹಾಕಬೇಡಿ ಮಾವ, ಕಚ್ಚಿಕೊಂಡು ಕುಡಿಯಿರಿ" ಎಂದು ಅವಳು ಬೆಲ್ಲದ ತಟ್ಟೆ ಹತ್ತಿರ ಸರಿಸಿದಳು. ಅಷ್ಟು ದೊಡ್ಡ ಮೀಸೆಯವರು ಮಗುವಿನ ಹಾಗೆ ಬೆಲ್ಲ ಕಚ್ಚಿ ಕೂತರು. ನಾನು ಅಲ್ಲಿಯೇ, ಆ ಚಾಪೆಯ ಮೇಲೆಯೇ, ನಮಗೆ ಒಪ್ಪಿಗೆ ಎಂದು ಹೇಳಿದೆ. ಅವರೂ ವೀಳ್ಯದ ತಟ್ಟೆ ತರಿಸಿದರು. ಅಜ್ಜಿಯ ಮಾತು ಮೀರಿದೆನಾ ಎಂದು ದಾರಿಯುದ್ದಕ್ಕೂ ಯೋಚಿಸಿದೆ. ಎಂಜಲು ಬಡಿಸಬಾರದು ಎಂಬುದು ಸರಿಯೇ, ಅವಳು ಬಡಿಸಲೂ ಇಲ್ಲ. ಹಾಳಾದದ್ದನ್ನು ಬಡಿಸಿ ಎಂದು ಅಜ್ಜಿಯೂ ಹೇಳಿರಲಿಲ್ಲವಲ್ಲ.

ಅವಳು ಮಾಡಿದ ಕ್ರಮವನ್ನು ಕೇಳಿ ಬಂದಿದ್ದೇನೆ, ನಿನ್ನ ಹಡಗಿನಲ್ಲಿ ಹೇಗೋ ಗೊತ್ತಿಲ್ಲ. ನೀರು ಕುದಿ ಬಂದ ಮೇಲೆ ಒಲೆಯಿಂದ ಇಳಿಸಿ, ಅದರ ಸಿಟ್ಟು ತಣಿಯುವವರೆಗೆ ಬಿಡಬೇಕು. ಮೂರು ಬೆರಳಲ್ಲಿ ಬರುವಷ್ಟೇ ಸೊಪ್ಪು. ತಟ್ಟೆ ಮುಚ್ಚಿ, ಎಲೆ ಬಿಚ್ಚಿಕೊಂಡದ್ದು ಕಂಡ ಕೂಡಲೇ ಸೋಸಬೇಕು, ಬಿಟ್ಟರೆ ಕಹಿ. ಸೋಸಿದ ಎಲೆಯನ್ನು ಬಿಸಾಡಬಾರದು, ಎರಡನೆಯ ನೀರಿಗೆ ಪರಿಮಳ ಇನ್ನೂ ಚೆಂದ. ಅವರ ಡಬ್ಬಿಯಿಂದಲೇ ಒಂದು ಪೊಟ್ಟಣ ಕಟ್ಟಿ ಕೊಟ್ಟಿದ್ದಾಳೆ. ಈಗ ಮಧ್ಯಾಹ್ನ ಮಲಗಿ ಎದ್ದ ಮೇಲೆ ನಿನ್ನ ಭಾವನಿಗೆ ಅದೇ ಆಗಬೇಕು. ಹಸೈನಾರ್ ಇವತ್ತು ಬೊಂಬಾಯಿಗೆ ಹೊರಟವನು ಈ ಕಾಗದಕ್ಕಾಗಿ ಬಂದು ಜಗಲಿಯಲ್ಲಿ ಕೂತು ಅದನ್ನೇ ಕುಡಿಯುತ್ತಿದ್ದಾನೆ. ನಾನು ಹಾಲು ಹೊಯ್ದ ಕತೆ ಕೇಳಿ ಅವನಿಗೆ ನಗುವಿಗೆ ಕೆಮ್ಮು ಬಂತು. ಚೀನಾದಲ್ಲಿ ಎಲೆಯ ನಡುವೆ ಮಲ್ಲಿಗೆ ಹರಡಿ, ಪರಿಮಳ ಹಿಡಿದ ಮೇಲೆ ಹೂ ಆರಿಸಿ ತೆಗೆಯುತ್ತಾರಂತೆ. ಹೂವಿನ ಜೊತೆ ನಾರಿಗೆ ಸ್ವರ್ಗ ಸಿಕ್ಕಿದ್ದು ಕೇಳಿದ್ದೆ, ಸೊಪ್ಪಿಗೂ ಸಿಗುತ್ತದೆಂದು ಈಗ ಗೊತ್ತಾಯಿತು.

ದೇವರು ನಿನ್ನನ್ನೂ ನಿನ್ನ ಹಡಗನ್ನೂ ಕಾಯಲಿ. ನಿನ್ನ ಭಾವ ಆಶೀರ್ವಾದ ಹೇಳಿದ್ದಾರೆ. ಚಪ್ಪಲಿ ಇಲ್ಲದೆ ಆ ಕಬ್ಬಿಣದ ಅಟ್ಟದ ಮೇಲೆ ನಡೆಯಬೇಡ.

ನಿನ್ನ ಅಕ್ಕ
ಅಮ್ಮಣಿ

ಇದನ್ನು ಮೇಲೆ ಬರೆಯಲು ಮರೆತದ್ದಲ್ಲ, ಧೈರ್ಯ ಬಂದದ್ದು ಈಗ. ಹಸೈನಾರ್ ಬಸ್ಸಿನ ಹೊತ್ತಾಯಿತು ಎಂದು ಕೊಡೆ ಹಿಡಿದು ನಿಂತಿದ್ದಾನೆ. ಹುಡುಗಿ ಇನ್ನೂ ಒಪ್ಪಿಲ್ಲ. ನಾವು ಹೊರಟಾಗ ಬೇಲಿಯ ತಡಮೆಯವರೆಗೆ ಒಬ್ಬಳೇ ಬಂದು, "ಅಕ್ಕ, ನೀವು ಒಪ್ಪಿದಿರಿ, ಮಾವ ಒಪ್ಪಿದರು, ನನ್ನನ್ನು ಯಾರೂ ಕೇಳಲಿಲ್ಲ. ಮದುವೆಯಾದ ಮೇಲೆ ಅವರು ಪುನಃ ಹಡಗಿಗೆ ಹೋಗ್ತಾರಾ?" ಎಂದು ಕೇಳಿದಳು. ಅವನನ್ನೇ ಕೇಳಿ ಬರೆಸುತ್ತೇನೆ ಎಂದೆ. "ಹೋಗುವವರಾದರೆ ಈಗಲೇ ಹೇಳಲಿ. ಹೋದರೂ ನಾನು ಒಪ್ಪಬಹುದು, ಆದರೆ ಅದನ್ನು ಆಮೇಲೆ ಕೇಳಿ ತಿಳಿಯುವವಳು ನಾನಲ್ಲ" ಎಂದಳು. ಅದಕ್ಕೆ, ನಿನ್ನ ಉತ್ತರ ಬರುವಷ್ಟು ಸಮಯ ಸಿಗಲಿ ಎಂದು, ಇನ್ನೆರಡು ತಿಂಗಳು, ಬೇಶದವರೆಗೆ, ಒಳ್ಳೆಯ ದಿನ ಇಲ್ಲವೆಂದು ಭಟ್ಟರು ಹೇಳಿದ್ದಾರೆ ಎಂದು ರುಕ್ಮಯ್ಯನವರಿಗೆ ಹೇಳಿ ಕಳಿಸಿದ್ದೇನೆ. ಭಟ್ಟರ ಮುಖವನ್ನೇ ನಾನು ನೋಡಿಲ್ಲ, ದೇವರು ಕ್ಷಮಿಸಲಿ. ಇದ್ದದ್ದನ್ನು ಇದ್ದ ಹಾಗೆ ಬರೆ. ನನಗಲ್ಲ, ಅವಳ ಹೆಸರಿಗೆ ಬರೆ, ಪುತ್ತಿಗೆ, ಮೂಡಬಿದ್ರೆ ಅಂಚೆ. ಮದುವೆಯಾಗದ ಹುಡುಗಿಗೆ ಕಾಗದ ಬಂತೆಂದು ಅವಳ ಮಾವ ಕುಣಿದರೆ ಕುಣಿಯಲಿ, ಅವರನ್ನು ನಾನು ನೋಡಿಕೊಳ್ಳುತ್ತೇನೆ.