ಟೆಂಟಿನ ಮಟ್ಟು, ಹಸೆಯ ಹಾಡು

ಅತ್ತಿಗೆ,

ಮಗಳ ಮದುವೆ ಮುಗಿಯಿತು. ಬೀಗರು ಹೊರಟರು, ಬಾಡಿಗೆಯ ಪಾತ್ರೆಗಳು ಹಿಂದಕ್ಕೆ ಹೋದವು, ನಿಮ್ಮ ಪದ್ದು ಗೌರಿಬಿದನೂರಿನ ಮನೆಯಲ್ಲಿ ಗೋಡೆಗೆ ಒರಗಿ ಕಾಲು ಚಾಚಿ ಕೂತಿದ್ದಾಳೆ. ಮಗಳನ್ನು ಒಂದು ಮನೆ ಸೇರಿಸಿದವಳಿಗೆ ಸಂತೋಷವಾಗಬೇಕಂತೆ. ಆಗಿದೆ, ಇಲ್ಲವೆನ್ನುವುದಿಲ್ಲ. ಆದರೆ ಸಂತೋಷಕ್ಕಿಂತ ಮುಂಚೆ ಮಂಡಿನೋವು ಬಂದು ಜಾಗ ಹಿಡಿದಿದೆ. ನೀವು ಹೋಗಿ ಐದು ವರ್ಷವಾಯಿತು. ಹೋದವರಿಗೆ ಕಾಗದ ಬರೆಯುವ ಹುಚ್ಚು ಯಾಕೆಂದರೆ, ಈ ಸಂಗತಿಯನ್ನು ಇರುವವರಲ್ಲಿ ಯಾರಿಗೆ ಹೇಳಿದರೂ ಅರ್ಧ ಕೇಳಿ ಎದ್ದು ಹೋಗುತ್ತಾರೆ. ನನ್ನ ಮಾತನ್ನು ಪೂರ್ತಿ ಕೇಳುತ್ತಿದ್ದವರು ನೀವೊಬ್ಬರೇ.

ಶಿಡ್ಲಘಟ್ಟದ ನಮ್ಮ ಹುಳದ ಮನೆ ನೆನಪಾಗುತ್ತದೆ. ರೇಷ್ಮೆಹುಳಕ್ಕೆ ಸೊಪ್ಪು ಹಾಕುತ್ತಾ ನೀವು ಹಾಡುತ್ತಿದ್ದಿರಿ, ಹುಳುಗಳು ಸರಸರ ಸದ್ದು ಮಾಡುತ್ತಾ ಮೇಯುತ್ತಿದ್ದವು. ಕೆರೆಯ ಆಚೆ ಸಿನಿಮಾ ಟೆಂಟು ಬಂದ ವರ್ಷ ಅದು. ಸಂಜೆ ಆಟಕ್ಕೆ ಮುಂಚೆ ಸ್ಪೀಕರಿನಲ್ಲಿ ಗ್ರಾಮಫೋನ್ ಪ್ಲೇಟು ಹಾಕುತ್ತಿದ್ದರು. ಹೆಚ್ಚಿನವು ತೆಲುಗು ಹಾಡು. ಗಾಳಿ ನಮ್ಮ ಕಡೆ ಬೀಸಿದರೆ ಒಂದು ಸಾಲು, ಆಚೆ ತಿರುಗಿದರೆ ಬರೀ ಗುಂಯ್‌ಗುಟ್ಟುವಿಕೆ. ಬೀದಿಯ ಹೆಂಗಸರೆಲ್ಲ ಚಾಪೆ ಸುತ್ತಿಕೊಂಡು ನೆಲದ ಟಿಕೆಟ್ಟಿಗೆ ಹೋದರೂ ನೀವು ಆ ಟೆಂಟಿನ ಬಾಗಿಲು ಕಂಡವರಲ್ಲ, ಅಣ್ಣ ಬಿಡಲಿಲ್ಲ. ಮಟ್ಟು ಮಾತ್ರ ಗೋಡೆ ಹಾರಿ ಬಂತು. ಮಾತು ಬರಲಿಲ್ಲವಲ್ಲ, ಆ ಜಾಗದಲ್ಲಿ ನಿಮ್ಮ ಮಾತನ್ನು ಕೂರಿಸಿ ಮದುವಣಗಿತ್ತಿಯನ್ನು ಹಸೆಗೆ ಕರೆಯುವ ಹಾಡು ಕಟ್ಟಿದಿರಿ.

ದಣಿದು ಬಂದಳು ಗೌರಿ ತೌರಿನ ಹಾದಿಯಲಿ
ಮಣೆಯ ಹಾಕಿರೆ ಅಕ್ಕ, ನಡುಮನೆಯಲಿ.

ಹೀಗೆ ಮೂರು ನುಡಿ. ಕೇರಿಯ ಎರಡು ಮೂರು ಮದುವೆಯಲ್ಲಿ ನೀವೇ ಹಾಡಿದಿರಿ. ಹೆಂಗಸರು ಕೇಳಿ ಕೇಳಿ ಕಲಿತುಕೊಂಡು ಹೋದರು.

ಅಣ್ಣನ ಕಾವ್ಯ ಓದುವ ಜಗಲಿಯೂ ಕಣ್ಣ ಮುಂದಿದೆ. ಹಗಲು ಸ್ಕೂಲು, ಸಂಜೆ ಜಗಲಿಯಲ್ಲಿ ಹಳಗಾಲದ ಪದ್ಯಗಳನ್ನು ರಾಗವಾಗಿ ಓದಿ ಅರ್ಥ ಹೇಳುವುದು. ಮೊದಲು ಜಗಲಿ ತುಂಬಿ ಜನ ಅಂಗಳದಲ್ಲಿ ನಿಲ್ಲುತ್ತಿದ್ದರು. ಟೆಂಟು ಬಂದ ಮೇಲೆ ಉಳಿದವರು ಕಿವಿ ಮಂದವಾದ ಶಾನುಭೋಗರು ಮತ್ತು ನಮ್ಮ ಪಕ್ಕದ ಮನೆಯ ಮುದುಕ. ಅಣ್ಣ ಅವರಿಬ್ಬರಿಗೇ ಗಂಟಲು ಹರಿದುಕೊಂಡು ಓದುತ್ತಿದ್ದ. ನನಗೆ ಅವನ ಮೇಲೆ ಕೋಪ ಬರುವ ಹೊತ್ತಿನಲ್ಲೂ ಆ ಖಾಲಿ ಜಗಲಿ ನೆನಪಾಗಿ ಕೋಪ ಅರ್ಧಕ್ಕೇ ನಿಂತುಬಿಡುತ್ತದೆ.

ಆ ಗೌರಿಹಬ್ಬವನ್ನು ನೀವು ಮರೆತಿರಲಾರಿರಿ. ಅಣ್ಣನ ಸ್ನೇಹಿತರೊಬ್ಬರು ಚಿಕ್ಕಬಳ್ಳಾಪುರದಿಂದ ಬಂದಿದ್ದರು, ದೊಡ್ಡ ರಸಿಕರು ಅಂತ ಹೆಸರು. ನೀವು ಗೌರಿಯ ಮುಂದೆ ಹಾಡಿದಿರಿ. ಅವರು ತಲೆದೂಗಿದರು, ಆಮೇಲೆ ನಕ್ಕರು.

"ಏನು ಮೇಷ್ಟ್ರೇ, ಇದು ಹೀರೋಯಿನ್ನು ಬಾವಿ ಕಟ್ಟೆ ಮೇಲೆ ಕೂತು ಹಾಡೋದಲ್ವೇ?"

ಟೆಂಟಿಗೆ ಹೋಗದೆ ಆ ದೊಡ್ಡಮನುಷ್ಯರಿಗೆ ಬಾವಿ ಕಟ್ಟೆ ಎಲ್ಲಿಂದ ಕಾಣಿಸಿತು ಎಂದು ಯಾರೂ ಕೇಳಲಿಲ್ಲ. ಅಣ್ಣನ ಮುಖ ಕಪ್ಪಿಟ್ಟಿತು. ಅವರು ಅತ್ತ ಹೋಗುತ್ತಲೇ ಶುರುಮಾಡಿದ.

"ಮಟ್ಟು ಮಟ್ಟು ಅಂತ ದೇವರ ಮಟ್ಟಾನೇ ಇಳಿಸಿಬಿಟ್ಯಲ್ಲೇ! ಊರೆಲ್ಲ ಆ ಟೆಂಟಿಗೆ ಬಿದ್ದು ಸಾಯ್ತಿದೆ, ನನ್ನ ಮನೆ ಒಳಗೂ ತಂದ್ಯಾ?"

ನೀವು ಹೇಳಿದಿರಿ, "ಗೌರಿಗೆ ಬೇಜಾರಾಗಿಲ್ಲ ಕಣ್ರೀ. ನಾನು ಹಾಡಿದ್ಮೇಲೆ ಹೂವು ಬಲಗಡೇನೇ ಬಿತ್ತು." ಅಷ್ಟಕ್ಕೆ ಬಿಟ್ಟಿದ್ದರೆ ಆಗುತ್ತಿತ್ತೇನೋ. ನೀವು ಬಿಡಲಿಲ್ಲ. "ನೀವು ಅಷ್ಟು ಚೆನ್ನಾಗಿ ಪದ್ಯ ಓದ್ತೀರಲ್ಲ, ಆ ಅಳೋ ಕಡೆ ರಾಗ ಯಾರು ಕಲಿಸಿದ್ದು? ಹುಡುಗ್ರಾಗಿದ್ದಾಗ ನಾಟಕದ ಕಂಪನಿ ಬಂದಿತ್ತಂತೆ, ಅಲ್ಲಿ ಕೇಳಿ ಕಲ್ತೆ ಅಂತ ನೀವೇ ಹೇಳಿದ್ರಲ್ಲ. ನಾಟಕದ್ದು ಹಳೇದಾದ್ರೆ ಶಾಸ್ತ್ರ, ಸಿನಿಮಾದ್ದು ಹೊಸದಾದ್ರೆ ಮೈಲಿಗೆಯಾ?"

ಅತ್ತಿಗೆ, ನಿಜ ಹೇಳಿದರೆ ನಿಷ್ಠುರ. "ಈ ಮನೇಲಿ ಇನ್ಮೇಲೆ ಆ ಹಾಡು ಕೇಳಿಸಬಾರದು" ಎಂದ ಅಣ್ಣ. ನೀವು ಹಠಕ್ಕೆ ಆ ಒಂದು ಹಾಡನ್ನಲ್ಲ, ಹಾಡುವುದನ್ನೇ ಬಿಟ್ಟಿರಿ. ತೌರಿಗೆ ಬಂದಾಗಲೆಲ್ಲ ನಾನು ಕೇಳುತ್ತಿದ್ದೆ, "ಒಂದೇ ಒಂದು ನುಡಿ ಹೇಳಿ ಅತ್ತಿಗೆ." "ಗಂಟಲು ಹೋಗಿದೆ ಪದ್ದೂ" ಎನ್ನುತ್ತಿದ್ದಿರಿ. ಎಂಟು ವರ್ಷ ಅದೇ ಉತ್ತರ. ಆಮೇಲೆ ಜ್ವರ ಬಂತು, ನೀವು...

ಇರಲಿ. ನನಗೂ ಸಾಕಾಗಿದೆ ಅತ್ತಿಗೆ, ಈ ಮೇಲು ಕೀಳು ಕೇಳಿ ಕೇಳಿ. ಹುಡುಗ ಚಿಂತಾಮಣಿಯವನು. ಅವನ ಚಿಕ್ಕಪ್ಪ ನಿಶ್ಚಿತಾರ್ಥದ ದಿನವೇ ಹೇಳಿದರು, "ನಮ್ಮದು ಸಂಗೀತ ತಿಳಿದ ಮನೆ. ಮೈಕ್‌ಸೆಟ್ಟು ಹಾಕಿಸಿ ಸಿನಿಮಾ ಪ್ಲೇಟು ಒದರಿಸಬೇಡಿ. ಸಂಪ್ರದಾಯದ ಹಾಡು ಬರೋ ಹೆಂಗಸರಿದ್ರೆ ಹಾಡ್ಲಿ." ಮಗಳನ್ನು ನಿಮ್ಮ ಹಾಡಿನಲ್ಲೇ ಹಸೆಗೆ ಕೂರಿಸಬೇಕೆಂದು ಅವಳು ಚಿಕ್ಕವಳಿದ್ದಾಗಿನಿಂದ ನನಗೆ ಆಸೆ. ಆದರೆ ಯಾರಾದರೂ ಮಟ್ಟು ಗುರುತು ಹಿಡಿದರೆ? ಅತ್ತ ಬೀಗರು, ಇತ್ತ ಅಣ್ಣ. ಅವಳು ಆ ಮನೆಯಲ್ಲಿ ಬಾಳಬೇಕಲ್ಲ. ಆಸೆಯನ್ನು ನುಂಗಿಕೊಂಡೆ. ಮದುವೆಯ ಓಡಾಟಕ್ಕಿಂತ ಅದೇ ನನ್ನನ್ನು ಹೆಚ್ಚು ದಣಿಸಿತು.

ಚಿಕ್ಕಬಳ್ಳಾಪುರದ ಛತ್ರ. ಹುಡುಗಿ ಹಸೆಯ ಮೇಲೆ ಕೂತಿದ್ದಾಳೆ, ನಮ್ಮ ಕಡೆಯ ಹೆಂಗಸರು "ನೀವು ಹಾಡಿ, ನೀವು ಹಾಡಿ" ಎಂದು ಒಬ್ಬರನ್ನೊಬ್ಬರು ತಿವಿಯುತ್ತಿದ್ದಾರೆ. ಆಗ ಹುಡುಗನ ಅಜ್ಜಿ, ಬೊಚ್ಚುಬಾಯಿಯ ಮುದುಕಿ, ಸೆರಗು ಹೊದ್ದುಕೊಂಡು ದನಿ ತೆಗೆದರು. ದಣಿದು ಬಂದಳು ಗೌರಿ...

ನಾನು ಕೈಯಲ್ಲಿದ್ದ ಆರತಿ ತಟ್ಟೆ ಕೆಳಗಿಟ್ಟೆ. ಮಟ್ಟು ಅದೇ, ಮಾತು ಅವೇ, ನೀವು ಎಳೆಯುತ್ತಿದ್ದ ಕಡೆಯೇ ಎಳೆತ. ಮೂರು ನುಡಿ ಮುಗಿಸಿ ಮುದುಕಿ ಹೆಮ್ಮೆಯಿಂದ ಹೇಳಿದರು, "ಇದು ಈಗಿನದಲ್ಲಮ್ಮಾ. ನಮ್ಮತ್ತೆ ಕಾಲದಿಂದ ನಮ್ಮ ಮನೇಲಿ ನಡ್ಕೊಂಡ್ ಬಂದಿದ್ದು. ಇದ್ರ ಮುಂದೆ ಆ ಸಿನಿಮಾ ಪಾಟಲು ಯಾವ ಮೂಲೆಗೆ?" ಚಿಕ್ಕಪ್ಪ ತಾಳ ಹಾಕುತ್ತಾ ತಲೆದೂಗುತ್ತಿದ್ದರು. ಯಾವ ಸೊಸೆ ಅದನ್ನು ಶಿಡ್ಲಘಟ್ಟದಿಂದ ಚಿಂತಾಮಣಿಗೆ ಮಡಿಲಲ್ಲಿ ಕಟ್ಟಿಕೊಂಡು ಹೋದಳೋ. ನನಗೆ ನಗುವೂ ಬಂತು, ಅಳುವೂ ಬಂತು. ಗುಟ್ಟು ಬಿಡದೆ ಆರತಿ ತಟ್ಟೆ ಮತ್ತೆ ಎತ್ತಿಕೊಂಡೆ.

ಅಣ್ಣ ಸುಮ್ಮನಿರಲಿಲ್ಲ. ಕಂಬಕ್ಕೆ ಒರಗಿದ್ದವನು ಎದ್ದು ಬಂದ.

"ಅಮ್ಮಾ, ಅದು ನಿಮ್ಮತ್ತೆ ಕಾಲದ್ದಲ್ಲ. ನನ್ನ ಹೆಂಡ್ತಿ ಕಟ್ಟಿದ್ದು. ಮಟ್ಟು ಟೆಂಟು ಸಿನಿಮಾದ್ದು."

ಚಿಕ್ಕಪ್ಪನ ತಾಳ ನಿಂತಿತು. ಹೆಂಗಸರು ಬಾಯಿಗೆ ಸೆರಗು ಹಿಡಿದರು. ಮುದುಕಿ ಅಣ್ಣನನ್ನು ಕಣ್ಣು ಕಿರಿದು ಮಾಡಿ ನೋಡಿದರು.

"ಔನಾ? ಯಾರು ಕಟ್ಟಿದ್ರೇನಪ್ಪಾ, ಕಟ್ಟಿದೋಳ ಹೊಟ್ಟೆ ತಣ್ಣಗಿರ್ಲಿ. ನಮಗೆ ಮೂರೇ ನುಡಿ ಬರೋದು. ಮೂರಾದ್ಮೇಲೆ ಇನ್ನೂ ಏನೋ ಬಾಕಿ ಇದ್ದಂಗೆ ಅನ್ಸುತ್ತೆ. ಮುಂದೆ ಇದೆಯಾ?"

ಇಲ್ಲ ಎಂದು ಹೇಳಲು ನಾನು ಬಾಯಿ ತೆರೆದೆ. ಅಷ್ಟರಲ್ಲಿ ಅಣ್ಣ ನಿಂತಲ್ಲೇ, ಬೀಗರ ಎದುರಿಗೆ, ಅದೇ ಟೆಂಟಿನ ಮಟ್ಟಿನಲ್ಲಿ ಹಾಡಿದ.

ಹಾಡಿ ದಣಿದವಳಿಗೊಂದು ಗುಟುಕು ಹಾಲು
ನೀಡಿರೆ, ಅವಳೂ ತೌರ ಬಿಟ್ಟ ಬಾಲೆ.

ನನಗೆ ಗೊತ್ತೇ ಇಲ್ಲದ ನುಡಿ, ಅತ್ತಿಗೆ. ನೀವು ಯಾವಾಗ ಕಟ್ಟಿದಿರಿ? ಮುದುಕಿ ಎರಡು ಸಲ ಹೇಳಿಸಿಕೊಂಡು ಕಲಿತರು. ನನ್ನ ಮಗಳು ನಾಲ್ಕೂ ನುಡಿ ಕೇಳಿಯೇ ಹಸೆಯಿಂದ ಎದ್ದಳು.

ಮರುದಿನ ಬಸ್ಸಿಗೆ ಕಾಯುತ್ತಾ ನಿಂತಾಗ ಅಣ್ಣನನ್ನು ಕೇಳಿದೆ, ಅತ್ತಿಗೆ ಹಾಡೋದು ಬಿಟ್ಟಿದ್ರಲ್ಲ, ಆ ನುಡಿ ನಿನಗೆ ಎಲ್ಲಿಂದ ಬಂತು ಅಂತ.

"ಬಿಟ್ಟಿರಲಿಲ್ಲ ಕಣೇ. ಹುಳದ ಮನೇಲಿ ಬಾಗಿಲು ಮುಂದಕ್ಕೆ ಮಾಡ್ಕೊಂಡು ಸಣ್ಣಗೆ ಹೇಳ್ಕೋತಿದ್ಲು. ನಾನು ಹೊರಗೆ ನಿಂತಿರ್ತಿದ್ದೆ."

"ಒಳಗೆ ಹೋಗಿ ಹಾಡೇ ಅಂತ ಒಂದು ಮಾತು ಹೇಳೋಕೆ ಏನಾಗಿತ್ತು ಅಣ್ಣ ನಿಂಗೆ?"

"ಒಳಗೆ ಹೋದ್ರೆ ನಿಲ್ಲಿಸಿಬಿಡ್ತಾಳೆ ಅಂತ ಭಯ ಪದ್ದೂ."

ಇಷ್ಟನ್ನು ನಿಮಗೆ ಹೇಳಬೇಕಿತ್ತು. ಆ ಎಂಟು ವರ್ಷ ನೀವು ಹುಳಗಳಿಗೆ ಮಾತ್ರ ಹಾಡಿದೆ ಎಂದುಕೊಂಡು ಹೋದಿರಲ್ಲ, ಹಾಗಲ್ಲ ಅತ್ತಿಗೆ. ಬಾಗಿಲಾಚೆ ಅಣ್ಣ ಇದ್ದ.

ನಿಮ್ಮ
ಪದ್ದು