ಬೋರ್ಡಿನ ಮೇಲಿನ ಚಿಕ್ಕಪ್ಪ

ಮಾರ್ಚ್ ೪, ಮಂಗಳವಾರ

ಬೆಳಗ್ಗೆಯಿಂದ ಪೊಲೀಸ್ ಠಾಣೆ ಕಟ್ಟಿದ್ದಾಯಿತು. ಪ್ಲೈವುಡ್ಡಿನದು. ಟಿವಿಯ ಅಪರಾಧ ಧಾರಾವಾಹಿಯೊಂದರ ಕಲಾ ವಿಭಾಗದಲ್ಲಿ ನಾನು ಸಹಾಯಕ. ಅಂದರೆ ರಕ್ತ ಕಲಸುವವನು, ಕೈಕೋಳಕ್ಕೆ ಎಣ್ಣೆ ಬಿಡುವವನು, ಹೆಣವಾಗಿ ಮಲಗಿದವರ ಮೂಗಿನ ಮೇಲಿಂದ ನೊಣ ಓಡಿಸುವವನು. ರಾಷ್ಟ್ರಕ್ಕೆ ನನ್ನ ಸೇವೆ ಇಷ್ಟು.

ಈ ಸಲದ ಕಥೆ: ನಕಲಿ ಕೀಲಿಯಿಂದ ಮನೆ ಹೊಕ್ಕು ಕದಿಯುವವನು. ಶಂಕಿತನ ಫೋಟೊ ಠಾಣೆಯ ಬೋರ್ಡಿನ ಮೇಲೆ ಬೇಕು. ಮೊದಲ ಭಾಗದ ತುಂಬಾ ಎಲ್ಲರೂ ಅವನೇ ಕಳ್ಳ ಅನ್ನುತ್ತಾರೆ. ಎರಡನೇ ಭಾಗದಲ್ಲಿ ಅವನು ನಿರಪರಾಧಿ. ನಮ್ಮಲ್ಲೊಂದು ನಿಯಮ — ಬೋರ್ಡಿಗೆ ಏರುವ ಪ್ರತಿ ಮುಖಕ್ಕೂ ಒಂದು ಒಪ್ಪಿಗೆ ಪತ್ರ, ಮುಖದವರ ಸಹಿ ಸಮೇತ. ಸಾಮಾನ್ಯವಾಗಿ ಯೂನಿಟ್ಟಿನವರದೇ ಮುಖ. ಆದರೆ ನಮ್ಮ ಡ್ರೈವರ್ ಈಗಾಗಲೇ ನಾಲ್ಕು ಕೊಲೆ ಮಾಡಿಯಾಗಿದೆ. ಇನ್ನು ನಂಬುವವರಿಲ್ಲ.

ನನ್ನ ಪರ್ಸಿನಲ್ಲಿ ಚಿಕ್ಕಪ್ಪನ ಪಾಸ್‌ಪೋರ್ಟ್ ಫೋಟೊ ಇತ್ತು. ಲೈಸೆನ್ಸ್ ನವೀಕರಣದ ಅರ್ಜಿಗೆ ಅಂಟಿಸಲು ಕೊಟ್ಟಿದ್ದು. ಚಿಕ್ಕಪ್ಪ ಬೀಗ ರಿಪೇರಿಯವರು, ಇಪ್ಪತ್ತೆರಡು ವರ್ಷದಿಂದ. ನಾನಿರುವುದು ಅವರ ಅಂಗಡಿಯ ಮೇಲಿನ ಮನೆಯಲ್ಲಿ, ಅವರ ಜೊತೆಗೇ. ಫೋಟೊದಲ್ಲಿ ಸಕಲ ಮನುಕುಲವನ್ನು ಶಪಿಸುವಂತೆ ನೋಡುತ್ತಿದ್ದಾರೆ. ಹೇಳಿ ಮಾಡಿಸಿದ ಮುಖ. ಪತ್ರಕ್ಕೆ ಅವರ ಸಹಿ ನಾನೇ ಗೀಚಿದೆ. ಟಿವಿಯಲ್ಲಿ ಬಂದ ದಿನ ಘೋಷಿಸಿ, ಬೆನ್ನಿಗೆ ಒಂದು ಗುದ್ದು ತಿಂದು, ಸುಖವಾಗಿರುವ ಯೋಜನೆ.

ಮಾರ್ಚ್ ೧೪, ಶುಕ್ರವಾರ, ಸಂಜೆ

ಏಳು ಗಂಟೆಗೆ ಪ್ರಸಾರ. ಚಿಕ್ಕಪ್ಪ, ಚಿಕ್ಕಮ್ಮ, ನಾನು ಮೂವರೂ ಕೂತೆವು. ಬೋರ್ಡು ಬಂತು, ತೆರೆಯ ತುಂಬಾ ಚಿಕ್ಕಪ್ಪ.

“ಈ ಮುಖ ಎಲ್ಲೋ ನೋಡಿದೀನಲ್ಲ,” ಅಂದರು ಚಿಕ್ಕಪ್ಪ.

“ಬೆಳಗ್ಗೆ ಶೇವ್ ಮಾಡ್ಕೊಳ್ಳುವಾಗ ನೋಡಿರ್ತೀರ,” ಅಂದರು ಚಿಕ್ಕಮ್ಮ.

ಎಲ್ಲರೂ ನಕ್ಕೆವು. ಘೋಷಣೆಗೆ ಗಂಟಲು ಸರಿಮಾಡಿಕೊಂಡೆ. ಅಷ್ಟರಲ್ಲಿ ಚಿಕ್ಕಮ್ಮನ ನಗು ನಿಂತಿತು. “ಅಲ್ರೀ, ಕಳ್ಳ ಅಂತ ತೋರಿಸ್ತಿದಾರೆ. ಮನೆಮನೆಗೆ ಹೋಗಿ ಬೀಗ ತೆಗೆಯೋರು ನೀವು.”

ಚಿಕ್ಕಪ್ಪ ರಿಮೋಟ್ ಎತ್ತಿ ದನಿ ತಗ್ಗಿಸಿದರು.

“ಫೋಟೊ ಸ್ಟುಡಿಯೋದವನು ಯಾರಿಗೋ ಕೊಟ್ಟಿರ್ಬೇಕು ಕಣೋ,” ಅಂದರು ಚಿಕ್ಕಪ್ಪ, ನನ್ನ ಕಡೆ ತಿರುಗಿ. “ನಿಮ್ಮಲ್ಲಿ ಹಂಗೆಲ್ಲ ತಗೋತಾರಾ?”

ಹೌದೆಂಬಂತೆ ತಲೆಯಾಡಿಸಿದೆ. ಬಾಯಿಂದ ಒಂದಕ್ಷರ ಸುಳ್ಳು ಬಂದಿಲ್ಲ ಎಂಬುದನ್ನು ದಾಖಲಿಸುತ್ತೇನೆ. ಆಡಿದ್ದು ಕುತ್ತಿಗೆ ಮಾತ್ರ.

ಮಾರ್ಚ್ ೧೮, ಮಂಗಳವಾರ

ಶೂಟಿಂಗ್ ಇಲ್ಲ. ಅಂಗಡಿಯಲ್ಲಿ ಕೂತೆ. ಹನ್ನೊಂದರ ಸುಮಾರಿಗೆ ಒಬ್ಬ ಹೆಂಗಸು ನಕಲು ಮಾಡಿಸಲು ಕೀಲಿ ಕೊಟ್ಟರು. ಚಿಕ್ಕಪ್ಪ ತಲೆಯೆತ್ತಿದರು. ಆಕೆ ಮುಖ ನೋಡಿ, ಕೀಲಿ ವಾಪಸ್ ತೆಗೆದುಕೊಂಡು, “ಮನೆಯವರನ್ನ ಒಂದ್ಮಾತು ಕೇಳಿ ಬರ್ತೀನಿ,” ಅಂದರು. ಬರಲಿಲ್ಲ.

ಮಧ್ಯಾಹ್ನ ಹತ್ತಿರದ ಅಪಾರ್ಟ್‌ಮೆಂಟಿನ ವಾಚ್‌ಮನ್ ಬಂದ. ಹನ್ನೆರಡು ವರ್ಷದಿಂದ ಅಲ್ಲಿನ ಬೀಗವೆಲ್ಲ ಚಿಕ್ಕಪ್ಪನದೇ. “ಸ್ವಲ್ಪ ದಿನ ನಮ್ಮ ಕಡೆ ಬರ್ಬೇಡಿ ಅಣ್ಣಾ. ನಾನಲ್ಲ ಹೇಳ್ತಿರೋದು, ಕಮಿಟಿಯವರು.”

“ಅದು ನಾಟಕ ಕಣಯ್ಯಾ.”

“ನಂಗೊತ್ತು ಅಣ್ಣಾ. ನಿಮ್ಮ ಫೋಟೊ ಯಾಕೆ ಹಾಕಿದ್ರು ಅಂತ ಅವರು ಕೇಳ್ತಾರಲ್ಲ, ಏನ್ ಹೇಳ್ಲಿ?”

ನಾನು ಅರದಿಂದ ಉದುರಿದ ಲೋಹದ ಪುಡಿ ಗುಡಿಸಿದೆ. ಬೆಳಗ್ಗೆಯಿಂದ ಚಿಕ್ಕಪ್ಪ ಒಂದೇ ಕೀಲಿ ಉಜ್ಜಿದ್ದರು, ಆದರೂ ಗುಡಿಸಿದೆ.

“ಶುಕ್ರವಾರ ಎರಡನೇ ಭಾಗ ಇದೆಯಲ್ಲ,” ಅಂದರು ಚಿಕ್ಕಪ್ಪ. “ಅದರಲ್ಲಿ ನಾನು ಒಳ್ಳೆಯವನು. ಅಲ್ವೇನೋ?”

ಹೌದು ಚಿಕ್ಕಪ್ಪ.

ಮಾರ್ಚ್ ೨೧, ಶುಕ್ರವಾರ

ಚಿಕ್ಕಪ್ಪ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಟಿವಿ ಮುಂದೆ ಕೂತರು. ಏಳಕ್ಕೆ ಮ್ಯಾಚ್. ಕೆಳಗೆ ಅಕ್ಷರ ಓಡುತ್ತಿತ್ತು — ಇಂದಿನ ಕಂತು ಮುಂದೂಡಲಾಗಿದೆ. ಎಂದಿಗೆ ಎಂಬುದಿಲ್ಲ.

ಎಂಟರವರೆಗೂ ಮ್ಯಾಚ್ ನೋಡಿದರು. ಅವರಿಗೆ ಮ್ಯಾಚ್ ಅರ್ಥವಾಗುವುದಿಲ್ಲ.

ಮಾರ್ಚ್ ೨೪, ಸೋಮವಾರ



ಹಿಂದಿನ ಬೀದಿಯ ನಿವೃತ್ತ ಟೀಚರ್ ಮನೆಯಲ್ಲಿ ಚಿನ್ನದ ಬಳೆ ಕಾಣೆ. ಬಾಗಿಲು ಮುರಿದಿಲ್ಲ. ಹೋದ ತಿಂಗಳು ಅಲ್ಲಿ ಹೊಸ ಬೀಗ ಕೂರಿಸಿದ್ದು ಚಿಕ್ಕಪ್ಪ. ಟೀಚರ್ ದೂರು ಕೊಡುವಾಗ ಹೇಳಿದರಂತೆ, “ಅವರನ್ನ ಟಿವಿಯಲ್ಲೂ ತೋರಿಸಿದಾರೆ.”

ಬೆಳಗ್ಗೆ ಠಾಣೆಗೆ ಕರೆಸಿದ್ದರು. ಚಿಕ್ಕಪ್ಪ ಇದ್ದದ್ದು ಹೇಳಿದರು: ಫೋಟೊ ಹೇಗೆ ಹೋಯಿತೋ ಗೊತ್ತಿಲ್ಲ, ಯಾರೂ ನನ್ನ ಕೇಳಿಲ್ಲ. ಇನ್ಸ್‌ಪೆಕ್ಟರ್ ಬರೆದುಕೊಂಡರಂತೆ. “ಸರಿ, ಧಾರಾವಾಹಿಯವರನ್ನೇ ವಿಚಾರಿಸ್ತೀವಿ. ನಾಳೆ ಬನ್ನಿ.”

ಮಧ್ಯಾಹ್ನ ನಮ್ಮ ಆಫೀಸಿಗೆ ಫೋನ್. ಆರ್ಟ್ ಡೈರೆಕ್ಟರ್ ಬೆವರುತ್ತಾ ಫೈಲ್ ತಿರುವಿದರು. ಪತ್ರ ಸಿಕ್ಕಿತು. ನನ್ನ ಬೆನ್ನು ತಟ್ಟಿದರು. “ಸಹಿ, ವಿಳಾಸ, ಎಲ್ಲಾ ಇದೆ. ಅಚ್ಚುಕಟ್ಟು ಅಂದ್ರೆ ಇದು ಕಣೋ.” ನನ್ನೆದುರೇ ಕಳಿಸಿದರು.

ಅಂದರೆ ಪೊಲೀಸರ ಬಳಿ ಈಗ ಎರಡು ಕಾಗದ. ಒಂದರಲ್ಲಿ ಚಿಕ್ಕಪ್ಪ ಒಪ್ಪಿಗೆ ಕೊಟ್ಟಿಲ್ಲ ಅನ್ನುತ್ತಾರೆ. ಇನ್ನೊಂದರಲ್ಲಿ ಕೊಟ್ಟಿದ್ದಾರೆ. ಸಹಿ ನನ್ನದಲ್ಲ ಎಂದು ಚಿಕ್ಕಪ್ಪ ಅಂದರೆ, ಯಾರದು ಎಂಬ ಪ್ರಶ್ನೆ. ನನ್ನದು ಅಂದರೆ, ಅವರು ಸುಳ್ಳುಗಾರ. ಸುಳ್ಳು ಹೇಳುವ ಬೀಗದವನು.

ಸದರಿ ಆರೋಪಿ, ವಯಸ್ಸು ಇಪ್ಪತ್ತಮೂರು, ಊಟ ಬೇಡ ಅಂದು ಮಲಗಿದ.

ಮಾರ್ಚ್ ೨೫, ಮಂಗಳವಾರ, ಬೆಳಗ್ಗೆ ೮

ಚಿಕ್ಕಪ್ಪನಿಗೆ ಹೇಳಲು ಮೂರು ಸಲ ಹೊರಟೆ. ಮೊದಲ ಸಲ ಹಲ್ಲುಜ್ಜುತ್ತಿದ್ದರು. ಎರಡನೇ ಸಲ ಚಿಕ್ಕಮ್ಮ ಇದ್ದರು. ಮೂರನೇ ಸಲ ಬೇರೆ ಯಾರೂ ಇರಲಿಲ್ಲ, ಹಲ್ಲುಜ್ಜಿ ಆಗಿತ್ತು.

“ಚಿಕ್ಕಪ್ಪ...”

“ನೀನೂ ಬಾರೋ ಜೊತೆಗೆ. ನಿಮ್ಮ ಟಿವಿ ಭಾಷೆ ನಿಂಗೆ ಗೊತ್ತು, ಬಿಡಿಸಿ ಹೇಳ್ತೀಯ.”

ಹೂಂ ಅಂದೆ.

೧೧.೨೦, ಠಾಣೆಯ ಬೆಂಚು

ಚಿಕ್ಕಪ್ಪ ಒಳಗೆ. ನನ್ನನ್ನು ಹೊರಗೆ ಕೂರಿಸಿದ್ದಾರೆ. ಕೈಗೆ ಕೆಲಸವಿರಲಿ ಎಂದು ಬರೆಯುತ್ತಿದ್ದೇನೆ. ಬಾಗಿಲು ತೆರೆದಿದೆ. ಅವರ ಬೆನ್ನು ಕಾಣುತ್ತದೆ.

ಇನ್ಸ್‌ಪೆಕ್ಟರ್ ಪತ್ರ ಕೊಟ್ಟರು. ಚಿಕ್ಕಪ್ಪ ಕನ್ನಡಕ ಹಾಕಿಕೊಂಡರು. ಸಹಿ ನಾನು ಚೆನ್ನಾಗಿಯೇ ಗೀಚಿದ್ದೆ... ಆದರೆ ಮೇಲೆ ವಿಳಾಸ ತುಂಬಿದ್ದು ನನ್ನದೇ ಅಕ್ಷರದಲ್ಲಿ. ಅಂಗಡಿಯ ದರಪಟ್ಟಿ ಬರೆದ ಅಕ್ಷರ. ಎರಡು ವರ್ಷದಿಂದ ದಿನವೂ ಅವರ ಕಣ್ಣೆದುರಿಗಿರುವುದು.

ಓದುತ್ತಿದ್ದಾರೆ. ಇಷ್ಟು ಹೊತ್ತು ಓದುವಷ್ಟು ಅದರಲ್ಲಿಲ್ಲ.

ತಿರುಗಿದರು. ನನ್ನನ್ನು ನೋಡಿದರು. ಬೈಯುವ ನೋಟವಾಗಿದ್ದರೆ ಚೆನ್ನಿತ್ತು.

“ಹೌದು ಸಾರ್. ನಂದೇ ಸಹಿ.”

“ನಿನ್ನೆ ಗೊತ್ತೇ ಇಲ್ಲ ಅಂದ್ರಿ?”

“ಮರ್ತೋಗಿತ್ತು.”

“ಮರ್ತೋಗಿತ್ತು. ಇನ್ನೇನೇನು ಮರ್ತಿದೀರ? ಬಳೆ?”

ಚಿಕ್ಕಪ್ಪ ಕನ್ನಡಕ ತೆಗೆದು ಜೇಬಿಗಿಟ್ಟರು. ಇನ್ಸ್‌ಪೆಕ್ಟರ್ ಪೆನ್ನಿನ ಕ್ಯಾಪ್ ತೆಗೆದರು.

ಒಳಗೆ ಹೋಗುತ್ತಿದ್ದೇನೆ. ತೊದಲಬಾರದು, ತಮಾಷೆ ಮಾಡಬಾರದು. ಮೊದಲ ವಾಕ್ಯ ಇಲ್ಲೇ ಬರೆದುಕೊಂಡು ಹೋಗುತ್ತೇನೆ — ಸಾರ್, ಅದನ್ನು ಬರೆದುಕೊಳ್ಳಬೇಡಿ, ಆ ಸಹಿ ಮಾಡಿದ್ದು